ಅಪ್ಪನ ಪಾರ್ಕಿನ್ಸನ್ ಮಾತ್ರೆ ಮಧ್ಯಾಹ್ನ ಯಾಕೆ ಹಿಡಿಯುವುದಿಲ್ಲ? ಮೆದುಳಿನ ತಡೆಗೋಡೆ ಬಗ್ಗೆ ಗೊತ್ತಿರುವವರು ಹೇಳಿ

ಬೇಲೂರು ಮಗಳು (ಭಾನುವಾರ, ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಬೇಲೂರು ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ. ಮೊದಲು ನಮ್ಮ ಕಣ್ಣಿಗೆ ಬಿದ್ದಿದ್ದು ನಡುಕ ಅಲ್ಲ, ಅವರ ಕೈಬರಹ. ಡೈರಿಗೆ ಹಾಲು ಹಾಕಿ ಬಂದು ಲೆಕ್ಕ ಬರೆದಿಡುವ ಅಭ್ಯಾಸ ಅವರದು. ಸಾಲಿನ ಶುರುವಿನಲ್ಲಿ ಸರಿಯಾಗಿರುತ್ತಿದ್ದ ಅಕ್ಷರ, ಸಾಲು ಮುಗಿಯುವಷ್ಟರಲ್ಲಿ ಓದೋಕೆ ಆಗದಷ್ಟು ಚಿಕ್ಕದಾಗಿರುತ್ತಿತ್ತು. ಆಮೇಲೆ ಬಲಗೈ ನಡುಕ ಬಂತು, ಅಂಗಿ ಗುಂಡಿ ಹಾಕೋಕೆ ಒದ್ದಾಟ ಶುರುವಾಯಿತು.

ಈಗ ಸಿಂಡೋಪಾ ದಿನಕ್ಕೆ ಮೂರು ಸಲ. ಬೆಳಿಗ್ಗೆ ತಗೊಂಡರೆ ಚೆನ್ನಾಗಿ ಹಿಡಿಯುತ್ತದೆ, ತೋಟದವರೆಗೂ ನಡೆದು ಬರುತ್ತಾರೆ. ಮಧ್ಯಾಹ್ನ ಊಟ ಆದ ಮೇಲೆ ತಗೊಳ್ಳುವ ಮಾತ್ರೆ ಮಾತ್ರ ತಗೊಂಡರೂ ಒಂದೇ, ಬಿಟ್ಟರೂ ಒಂದೇ ಅನ್ನುವ ಹಾಗೆ. ಸಂಜೆ ನಡುಮನೆಯಿಂದ ಜಗಲಿಗೆ ಬರಬೇಕಾದರೆ ಬಾಗಿಲ ಹತ್ತಿರ ಕಾಲು ಎತ್ತೋಕೇ ಆಗದೆ ನಿಂತುಬಿಡುತ್ತಾರೆ.

ಹಾಸನದಲ್ಲಿ ನರರೋಗದ ಡಾಕ್ಟರ್ ಹತ್ತಿರ ಕೇಳಿದಾಗ, "ಮೆದುಳಿಗೆ ಒಂದು ತಡೆಗೋಡೆ ಇದೆಯಮ್ಮ, ಎಲ್ಲಾ ಔಷಧಿ ಅದನ್ನ ದಾಟಲ್ಲ" ಅಂದರು. ಹೊರಗೆ ತುಂಬಾ ಜನ ಕಾಯುತ್ತಿದ್ದರು, ಜಾಸ್ತಿ ಕೇಳೋಕೆ ಮನಸ್ಸು ಬರಲಿಲ್ಲ. ಏನಿದು ಗೋಡೆ? ಪಕ್ಕದ ಮನೆಯವರು ನಸುಗುನ್ನಿ ಬೀಜದ ಪುಡಿ ಕೊಡಿ ಅನ್ನುತ್ತಿದ್ದಾರೆ, ಕೊಡಬಹುದಾ? ತಮ್ಮ ಯಾವುದೋ ವಿಡಿಯೋ ನೋಡಿ ಅಲ್ಟ್ರಾಸೌಂಡ್‌ನಲ್ಲಿ ಆ ಗೋಡೆ ತೆಗೆಯುತ್ತಾರಂತೆ, ದುಡ್ಡು ಹೊಂದಿಸೋಣ ಅಂತಾನೆ. ಇನ್ನೊಂದು ವಿಷಯ. ಈಚೆಗೆ ಅಪ್ಪನಿಗೆ ವಾಂತಿ ಆಗಿ ಒಂದು ಕ್ಲಿನಿಕ್‌ನಲ್ಲಿ ಮಾತ್ರೆ ಕೊಟ್ಟರು. ಅದು ತಗೊಂಡ ಮೇಲೆ ಮೈ ಬಿಗಿತ ಎಷ್ಟು ಜಾಸ್ತಿಯಾಯಿತು ಅಂದರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸೋಕೂ ಇಬ್ಬರು ಬೇಕಾಯಿತು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

---

ಮೂಡಿಗೆರೆ ಔಷಧಿ ಅಂಗಡಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೀನಮ್ಮ, ಅದೇ ಅರ್ಜೆಂಟು. ಆ ವಾಂತಿ ಮಾತ್ರೆಯ ಹಾಳೆ ಇದ್ದರೆ ಹಿಂದೆ ತಿರುಗಿಸಿ ನೋಡಿ. ಮೆಟೊಕ್ಲೋಪ್ರಮೈಡ್ ಅಂತ ಇದ್ದರೆ ಅಪ್ಪನಿಗೆ ಮತ್ತೆ ಕೊಡಬೇಡಿ. ಅದು ಮೆದುಳಿನ ಒಳಗೆ ಹೋಗುತ್ತದೆ. ಹೋಗಿ, ಮೈಯ ಚಲನೆಗೆ ಬೇಕಾದ ಡೋಪಮಿನ್ ಅನ್ನುವ ರಾಸಾಯನಿಕ ಕೆಲಸ ಮಾಡದ ಹಾಗೆ ತಡೆಯುತ್ತದೆ. ಪಾರ್ಕಿನ್ಸನ್‌ನಲ್ಲಿ ಕಮ್ಮಿಯಾಗಿರುವುದೇ ಡೋಪಮಿನ್. ಇರುವ ಚೂರುಪಾರಿಗೂ ಅಡ್ಡ ಹಾಕಿದರೆ ಮೈ ಬಿಗಿಯದೆ ಇರುತ್ತದಾ?

ಡೊಂಪೆರಿಡೋನ್ ಅಂತ ಇನ್ನೊಂದು ವಾಂತಿ ಮಾತ್ರೆ ಇದೆ. ಅದೂ ಡೋಪಮಿನ್ ತಡೆಯುವುದೇ, ಆದರೆ ಮೆದುಳಿನ ತಡೆಗೋಡೆ ದಾಟುವುದು ತೀರಾ ಕಮ್ಮಿ. ಹಾಗಾಗಿ ಪಾರ್ಕಿನ್ಸನ್ ಇರುವವರಿಗೆ ವಾಂತಿಗೆ ಸಾಮಾನ್ಯವಾಗಿ ಅದನ್ನೇ ಬರೆಯುತ್ತಾರೆ. ಹೃದಯದ ತೊಂದರೆ ಇದ್ದರೆ ಅದಕ್ಕೂ ಡಾಕ್ಟರ್ ಕೇಳಲೇಬೇಕು. ಎರಡೂ ವಾಂತಿಗೇ ಕೊಡುವ ಮಾತ್ರೆ, ಒಂದು ದಾಟುತ್ತದೆ, ಇನ್ನೊಂದು ದಾಟಲ್ಲ. ಗೋಡೆ ಅಂದರೆ ಏನು ಅನ್ನುವುದಕ್ಕೆ ನಿಮ್ಮ ಮನೆಯಲ್ಲೇ ನಡೆದಿರುವ ಉದಾಹರಣೆ ಇದು.

ತಲೆಸುತ್ತಿನ ಮಾತ್ರೆ ಬಗ್ಗೆಯೂ ಹೇಳಲೇಬೇಕು. ಸಿನ್ನರಿಜಿನ್, ಫ್ಲೂನರಿಜಿನ್, ಪ್ರೊಕ್ಲೋರ್‌ಪೆರಜಿನ್. ವಯಸ್ಸಾದವರು ಹಳೇ ಚೀಟಿ ಹಿಡಿದುಕೊಂಡು ಬಂದು ವರ್ಷಗಟ್ಟಲೆ ಇವನ್ನೇ ತಗೊಂಡು ಹೋಗುತ್ತಾರೆ. ಇವೂ ಮೆದುಳಿಗೆ ಹೋಗುತ್ತವೆ. ಪಾರ್ಕಿನ್ಸನ್ ಇಲ್ಲದವರಿಗೂ ಅದೇ ತರಹದ ನಡುಕ, ಬಿಗಿತ ತರಬಹುದು. ನಿಲ್ಲಿಸಿದ ಮೇಲೆ ಎಷ್ಟೋ ಜನರಿಗೆ ತಿಂಗಳುಗಳಲ್ಲಿ ಕಮ್ಮಿಯಾಗುತ್ತದೆ. ಕೌಂಟರ್‌ನಲ್ಲಿ ನಿಂತು ಇದನ್ನು ನೋಡುವಾಗ ನಿಜವಾಗಲೂ ಸಂಕಟ ಆಗುತ್ತದೆ. ಮನೆಯಲ್ಲಿ ಹಿರಿಯರಿಗೆ ಹೊಸದಾಗಿ ಕೈ ನಡುಗೋಕೆ ಶುರುವಾದರೆ, ಮೊದಲು ಅವರು ನುಂಗುತ್ತಿರುವ ಎಲ್ಲಾ ಮಾತ್ರೆಯನ್ನೂ ಒಂದು ಕವರಿಗೆ ಹಾಕಿಕೊಂಡು ಡಾಕ್ಟರ್‌ಗೆ ತೋರಿಸಿ.

ಇನ್ನು ಮಧ್ಯಾಹ್ನದ ಮಾತ್ರೆ. ಊಟಕ್ಕೆ ಏನೇನು ಇರುತ್ತದೆ ಹೇಳಿ.

---

ಬೇಲೂರು ಮಗಳು

ಅಣ್ಣ, ಹಾಳೆ ನೋಡಿದೆ. ಮೆಟೊಕ್ಲೋಪ್ರಮೈಡ್ ಅಂತಲೇ ಇದೆ. ಎಲ್ಲಾ ತೆಗೆದು ಬಿಸಾಕಿದೆ.

ಮಧ್ಯಾಹ್ನ ಮುದ್ದೆ, ಕಾಳಿನ ಸಾರು, ಒಂದು ಮೊಟ್ಟೆ, ಕೊನೆಗೆ ಮೊಸರನ್ನ. ಶಕ್ತಿ ಬರಲಿ ಅಂತ ಅಮ್ಮ ಕಾಳು ಜಾಸ್ತಿನೇ ಹಾಕುತ್ತಾರೆ. ಬೆಳಿಗ್ಗೆ ಮಾತ್ರೆ ಮಾತ್ರ ಎದ್ದ ತಕ್ಷಣ ಖಾಲಿ ಹೊಟ್ಟೆಗೆ.

---

ಮೂಡಿಗೆರೆ ಔಷಧಿ ಅಂಗಡಿ

ಅದೇ ನೋಡಿ. ಮಾತ್ರೆಯಲ್ಲಿರುವ ಲೆವೊಡೋಪಾ ಒಂದು ಅಮೈನೋ ಆಮ್ಲ. ಕಾಳು, ಮೊಟ್ಟೆ, ಮೊಸರಿನ ಪ್ರೋಟೀನ್ ಜೀರ್ಣವಾದರೆ ಬರುವುದೂ ಅಮೈನೋ ಆಮ್ಲಗಳೇ. ಕರುಳಿನಿಂದ ರಕ್ತಕ್ಕೆ ಹೋಗೋಕೂ, ರಕ್ತದಿಂದ ಮೆದುಳಿಗೆ ದಾಟೋಕೂ ಎರಡಕ್ಕೂ ಸಾಗಣೆ ಒಂದೇ. ಸಂತೆ ದಿನ ಊರಿಗೆ ಇರುವ ಒಂದೇ ಬಸ್ಸಿಗೆ ಎಲ್ಲರೂ ಮುಗಿಬಿದ್ದರೆ ಸೀಟು ಸಿಗದವರು ಸ್ಟಾಂಡಿನಲ್ಲೇ ಉಳಿಯುತ್ತಾರಲ್ಲ, ಮಧ್ಯಾಹ್ನ ನಿಮ್ಮಪ್ಪನ ಮಾತ್ರೆಗೆ ಆಗುತ್ತಿರುವುದು ಅದು.

ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲ ಊಟ ಆಗಿ ಒಂದು ಗಂಟೆ ಮೇಲೆ ಕೊಡಿ ಅಂತ ಡಾಕ್ಟರ್‌ಗಳು ಹೇಳುವುದು ಇದಕ್ಕೇ. ಪ್ರೋಟೀನ್ ಕಡಿಮೆ ಮಾಡಬೇಡಿ, ಅಪ್ಪ ಸೊರಗುತ್ತಾರೆ. ಕಾಳು, ಮೊಟ್ಟೆ ರಾತ್ರಿ ಊಟಕ್ಕೆ ಹಾಕಿ. ಕಬ್ಬಿಣದ ಮಾತ್ರೆ ಏನಾದರೂ ಇದ್ದರೆ ಅದನ್ನೂ ಸಿಂಡೋಪಾ ಜೊತೆ ಕೊಡಬೇಡಿ, ಬೇರೆ ಹೊತ್ತಿಗೆ ಇಡಿ. ಹೊತ್ತು ಬದಲಿಸುವ ಮೊದಲು ನಿಮ್ಮ ಡಾಕ್ಟರ್‌ಗೆ ಒಂದು ಫೋನ್ ಮಾಡಿ. ಮಾತ್ರೆಯ ಪ್ರಮಾಣ ಮಾತ್ರ ನೀವಾಗಿ ಮುಟ್ಟಬೇಡಿ.

---

ಚನ್ನರಾಯಪಟ್ಟಣ, ಈಗ ಬೆಂಗಳೂರು

ನಾನು ಮೆದುಳಿನ ರಕ್ತನಾಳಗಳ ಮೇಲೆ ಸಂಶೋಧನೆ ಮಾಡುವ ವಿದ್ಯಾರ್ಥಿನಿ. ಗೋಡೆ ಏನು ಅಂತ ಕೇಳಿದ್ದೀರಲ್ಲ, ಸ್ವಲ್ಪ ವಿವರವಾಗಿ ಬರೆಯುತ್ತೀನಿ.

1885ರಲ್ಲಿ ಜರ್ಮನಿಯ ಪೌಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿ ನೋಡಿದರು. ಮೈಯೊಳಗಿನ ಅಂಗಗಳೆಲ್ಲ ಬಣ್ಣ ಹಿಡಿದವು, ಮೆದುಳು ಮಾತ್ರ ಬೆಳ್ಳಗೇ ಉಳಿಯಿತು. ಮೆದುಳಿಗೆ ಬಣ್ಣ ಅಂಟುವ ಗುಣ ಇಲ್ಲ ಅಂದುಕೊಂಡರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಉಲ್ಟಾ ಮಾಡಿದರು. ಬಣ್ಣವನ್ನು ರಕ್ತಕ್ಕೆ ಹಾಕದೆ ಮೆದುಳಿನ ಸುತ್ತ ಇರುವ ನೀರಿಗೇ ಹಾಕಿದರು. ಈ ಸಲ ಮೆದುಳು ಬಣ್ಣ ಹಿಡಿಯಿತು, ಉಳಿದ ಮೈ ಹಿಡಿಯಲಿಲ್ಲ. ಅಂದರೆ ಅಂಟುವ ಗುಣದ ಮಾತೇ ಅಲ್ಲ, ನಡುವೆ ಏನೋ ತಡೆ ಇದೆ. ಆ ತಡೆ ನಿಖರವಾಗಿ ಎಲ್ಲಿದೆ ಅಂತ ಕಣ್ಣಿಗೆ ಕಂಡಿದ್ದು 1967ರಲ್ಲಿ, ಥಾಮಸ್ ರೀಸ್ ಮತ್ತು ಮೋರಿಸ್ ಕಾರ್ನೋವ್ಸ್ಕಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದಾಗ.

ಇದು ತಲೆಬುರುಡೆಯ ಒಳಗೆ ಕಟ್ಟಿದ ಒಂದು ಗೋಡೆ ಅಲ್ಲ. ಮೆದುಳಿನಲ್ಲಿ ಹರಡಿರುವ ಸಣ್ಣ ರಕ್ತನಾಳಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಸುಮಾರು 600 ಕಿಲೋಮೀಟರ್ ಆಗುತ್ತದೆ ಅಂತ ಅಂದಾಜು. ಅಷ್ಟೂ ಉದ್ದಕ್ಕೆ ನಾಳದ ಒಳಮೈಯೇ ತಡೆಗೋಡೆ. ಬೇರೆ ಕಡೆ ನಾಳದ ಜೀವಕೋಶಗಳ ಮಧ್ಯೆ ಸಂದು ಇರುತ್ತದೆ, ಇಲ್ಲಿ ಆ ಸಂದು ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಹೊರಗಿನಿಂದ ಪೆರಿಸೈಟ್, ಆಸ್ಟ್ರೋಸೈಟ್ ಅನ್ನುವ ಇನ್ನೆರಡು ತರಹದ ಕೋಶಗಳು ಅಪ್ಪಿಕೊಂಡಿರುತ್ತವೆ. ಗ್ಲೂಕೋಸ್, ಅಮೈನೋ ಆಮ್ಲ, ಕಬ್ಬಿಣ ಇಂಥವನ್ನು ಒಳಗೆ ಬಿಟ್ಟುಕೊಳ್ಳೋಕೆ ಬೇರೆ ಬೇರೆ ದಾರಿಗಳಿವೆ. ಕೊಬ್ಬಿನಲ್ಲಿ ಕರಗುವ ಸಣ್ಣ ವಸ್ತುಗಳು ಸಲೀಸಾಗಿ ನುಸುಳುತ್ತವೆ. ನುಸುಳಿದ ಎಷ್ಟೋ ಔಷಧಿಗಳನ್ನು ಹಿಡಿದು ವಾಪಸ್ ರಕ್ತಕ್ಕೆ ನೂಕುವ ಪಂಪ್‌ಗಳೂ ಇವೆ. ಭೇದಿಗೆ ಕೊಡುವ ಲೋಪೆರಮೈಡ್ ಅಫೀಮಿನ ಜಾತಿಯದ್ದೇ. ಆದರೂ ಮಾಮೂಲಿ ಪ್ರಮಾಣದಲ್ಲಿ ತಗೊಂಡರೆ ಅಮಲು ಬರುವುದಿಲ್ಲ, ಯಾಕೆಂದರೆ ಈ ಪಂಪ್ ಅದನ್ನು ಒಳಗೆ ನಿಲ್ಲೋಕೆ ಬಿಡುವುದಿಲ್ಲ. ಹಳೇ ಕಾಲದ ನೆಗಡಿ ಮಾತ್ರೆ ನುಂಗಿದರೆ ನಿದ್ದೆ ಎಳೆಯುತ್ತದೆ, ಅದೇ ಕೆಲಸದ ಹೊಸ ಮಾತ್ರೆ ಫೆಕ್ಸೊಫೆನಡಿನ್‌ಗೆ ಅಷ್ಟು ಎಳೆಯಲ್ಲ. ಅದಕ್ಕೂ ಇದೇ ಕಾರಣ.

ಡೋಪಮಿನ್ ಕಮ್ಮಿ ಇದ್ದರೆ ಡೋಪಮಿನ್ನೇ ಕೊಡಬಹುದಲ್ವಾ ಅಂತ ಯಾರಿಗಾದರೂ ಅನ್ನಿಸುತ್ತದೆ. ಅದು ಗೋಡೆ ದಾಟಲ್ಲ. ಅದರ ಹಿಂದಿನ ರೂಪ ಲೆವೊಡೋಪಾ ದಾಟುತ್ತದೆ, ದಾಟಿದ ಮೇಲೆ ಒಳಗೆ ಡೋಪಮಿನ್ ಆಗುತ್ತದೆ. ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ 1950ರ ದಶಕದಲ್ಲಿ ಇದನ್ನು ಪ್ರಾಣಿಗಳಲ್ಲಿ ತೋರಿಸಿದರು, 2000ದಲ್ಲಿ ಅವರಿಗೆ ನೊಬೆಲ್ ಬಂತು. ಸಿಂಡೋಪಾದಲ್ಲಿ ಜೊತೆಗೆ ಇರುವ ಕಾರ್ಬಿಡೋಪಾ ಗೋಡೆ ದಾಟುವುದೇ ಇಲ್ಲ, ಅದು ದಾಟಬಾರದು ಕೂಡ. ಅದರ ಕೆಲಸ ಏನಿದ್ದರೂ ಹೊರಗೆ. ಲೆವೊಡೋಪಾ ಮೆದುಳು ಮುಟ್ಟುವ ಮೊದಲೇ ರಕ್ತದಲ್ಲಿ ಡೋಪಮಿನ್ ಆಗಿ ವ್ಯರ್ಥವಾಗದ ಹಾಗೆ, ವಾಂತಿ ತರಿಸದ ಹಾಗೆ ನೋಡಿಕೊಳ್ಳುತ್ತದೆ. ದಾಟುವುದೊಂದು, ದಾಟದ್ದೊಂದು, ಎರಡನ್ನೂ ಸೇರಿಸಿ ಒಂದೇ ಮಾತ್ರೆ ಮಾಡಿದ ಈ ಯೋಚನೆ ಕಂಡರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ.

---

ಕಡೂರು ವೈದ್ಯರ ಮನೆ

ನಸುಗುನ್ನಿ ವಿಷಯ ನಾನು ಹೇಳುತ್ತೀನಿ. ನಾನು ಆಯುರ್ವೇದ ಓದಿದವನು. ಆ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. 1937ರಲ್ಲೇ ನಮ್ಮ ದೇಶದ ದಾಮೋದರನ್ ಮತ್ತು ರಾಮಸ್ವಾಮಿ ಅನ್ನುವವರು ಬೀಜದಿಂದ ಅದನ್ನು ಬೇರ್ಪಡಿಸಿ ತೋರಿಸಿದ್ದಾರೆ. 2004ರಲ್ಲಿ ಲಂಡನ್ನಿನಲ್ಲಿ 8 ಜನ ರೋಗಿಗಳ ಮೇಲೆ ಒಂದು ಪ್ರಯೋಗ ನಡೆದಿತ್ತು, ಬೀಜದ ಪುಡಿ ಮಾತ್ರೆಗಿಂತ ಬೇಗ ಹಿಡಿಯಿತು ಅಂತ ಬಂತು. ಹಾಗಾಗಿ ಸುಮ್ನೆ ನಂಬಿಕೆ ಅಂತ ತಳ್ಳಿ ಹಾಕುವ ಹಾಗಿಲ್ಲ.

ಆದರೂ ನಿಮ್ಮಪ್ಪನಿಗೆ ಈಗ ಕೊಡಬೇಡಿ. ಒಂದು ಗಿಡದ ಬೀಜದಲ್ಲಿ ಇರುವಷ್ಟು ಲೆವೊಡೋಪಾ ಇನ್ನೊಂದರಲ್ಲಿ ಇರುವುದಿಲ್ಲ. ಚಮಚದ ಅಳತೆಗೆ ಅರ್ಥವೇ ಇಲ್ಲ. ಮಾತ್ರೆಯ ಮೇಲೆ ಇದನ್ನೂ ಕೊಟ್ಟರೆ ಲೆವೊಡೋಪಾ ಜಾಸ್ತಿಯಾಗಿ ಕೈಕಾಲು ತಾನಾಗಿ ಹೊರಳಾಡುವುದು, ಇಲ್ಲದ್ದು ಕಾಣುವುದು, ಎದ್ದರೆ ಬಿಪಿ ಇಳಿಯುವುದು ಎಲ್ಲಾ ಆಗಬಹುದು. ಕೊಡಲೇಬೇಕು ಅಂತಿದ್ದರೆ ಇಬ್ಬರು ವೈದ್ಯರಿಗೂ ಗೊತ್ತಿರಬೇಕು. ಬೇಲಿಯಿಂದ ಕಿತ್ತು ತಂದು ಪುಡಿ ಮಾಡುವುದಂತೂ ಬೇಡವೇ ಬೇಡ.

---

ಅರಕಲಗೂಡು ಅಕ್ಕ

ತಂಗಿ, ನಿನ್ನ ಪ್ರಶ್ನೆಗೆ ಇದು ನೇರ ಉತ್ತರ ಅಲ್ಲ, ಆದರೆ ಓದುತ್ತಾ ನಮ್ಮ ಮನೆ ಕಥೆ ನೆನಪಾಯಿತು. ನನ್ನ ನಾದಿನಿಗೆ ಮೆದುಳಿನ ಪೊರೆಗೆ ಟಿಬಿ ಆಗಿತ್ತು. ವಾರಗಟ್ಟಲೆ ತಲೆನೋವು, ಸಣ್ಣ ಜ್ವರ, ಆಮೇಲೆ ಮಾತು ತೊದಲೋಕೆ ಶುರು. ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಬೇಕು ಅಂದಾಗ ನಮ್ಮ ದೊಡ್ಡವರೆಲ್ಲ ಬೇಡವೇ ಬೇಡ ಅಂದರು. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬೀಳುತ್ತೆ ಅಂತ. ಅಲ್ಲಿದ್ದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ನಮ್ಮತ್ತೆಯನ್ನು ಕೂರಿಸಿಕೊಂಡು, ಅವರದೇ ಬೆನ್ನ ಮೇಲೆ ಬೆರಳಿಟ್ಟು ತೋರಿಸಿದರು. ನರದ ಹುರಿ ಇಲ್ಲಿಗೆ ಮುಗಿಯುತ್ತೆ, ನಾವು ಸೂಜಿ ಹಾಕೋದು ಅದಕ್ಕಿಂತ ಕೆಳಗೆ, ಇಲ್ಲಿ ಅಂತ. ಅತ್ತೆ ಒಪ್ಪಿದರು. ಬೇಗ ಗೊತ್ತಾಗಿದ್ದಕ್ಕೆ ಅವಳು ಇವತ್ತು ಓಡಾಡಿಕೊಂಡಿದ್ದಾಳೆ.

ಇಲ್ಲಿ ಓದುವ ಯಾರ ಮನೆಯಲ್ಲಾದರೂ ಬೆನ್ನಿನ ನೀರಿನ ಪರೀಕ್ಷೆಯ ಮಾತು ಬಂದರೆ ದಯವಿಟ್ಟು ತಡ ಮಾಡಬೇಡಿ.

ನನಗೂ ಒಂದು ಪ್ರಶ್ನೆ ಇದೆ. ಶ್ವಾಸಕೋಶದ ಟಿಬಿಗೆ 6 ತಿಂಗಳು ಮಾತ್ರೆ ಸಾಕು, ಇವಳಿಗೆ ಒಂದು ವರ್ಷ ಕೊಟ್ಟರು. ಜೊತೆಗೆ ಸ್ಟೀರಾಯ್ಡ್. ಅದೂ ಈ ಗೋಡೆಯಿಂದಲೇನಾ?

---

ಚನ್ನರಾಯಪಟ್ಟಣ, ಈಗ ಬೆಂಗಳೂರು

ಹೌದು ಅಕ್ಕ, ಬಹುಪಾಲು ಅದಕ್ಕೇ. ಟಿಬಿ ಔಷಧಿಗಳಲ್ಲಿ ಐಸೋನಿಯಜಿಡ್, ಪೈರಜಿನಮೈಡ್ ಚೆನ್ನಾಗಿ ದಾಟುತ್ತವೆ. ರಿಫಾಂಪಿಸಿನ್ ಕಮ್ಮಿ ದಾಟುತ್ತದೆ. ಸ್ಟ್ರೆಪ್ಟೋಮೈಸಿನ್ ಅಂತೂ ಪೊರೆಯ ಊತ ಇದ್ದಾಗ ಬಿಟ್ಟರೆ ಹೋಗುವುದೇ ಕಷ್ಟ. ಒಳಗೆ ಸಿಗುವ ಔಷಧಿ ಕಮ್ಮಿ, ಕಾಯಿಲೆ ಅಪಾಯದ್ದು, ಹಾಗಾಗಿ 9ರಿಂದ 12 ತಿಂಗಳು ಕೊಡುತ್ತಾರೆ. ಸ್ಟೀರಾಯ್ಡ್ ಕೊಡುವುದು ಟಿಬಿ ಹುಳ ಸಾಯಿಸೋಕೆ ಅಲ್ಲ, ಊತ ಇಳಿಸೋಕೆ. 2004ರಲ್ಲಿ ವಿಯೆಟ್ನಾಂನಲ್ಲಿ 545 ಜನ ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟವರಲ್ಲಿ ಸಾವು ಕಡಿಮೆಯಾಗಿತ್ತು.

ಬೆನ್ನಿನ ನೀರಿನ ಬಗ್ಗೆ ಇನ್ನೊಂದು ಮಾತು. ಮೆದುಳು, ನರದ ಹುರಿಯ ಸುತ್ತ ಒಂದು ಹೊತ್ತಿಗೆ ಇರುವುದು ಸುಮಾರು 150 ಮಿಲಿ ಲೀಟರ್. ದಿನಕ್ಕೆ ಮೈ ಹೊಸದಾಗಿ ತಯಾರು ಮಾಡುವುದು ಸುಮಾರು 500 ಮಿಲಿ. ಪರೀಕ್ಷೆಗೆ ತೆಗೆದ ಕೆಲವು ಮಿಲಿ ಬೇಗ ತುಂಬಿಕೊಳ್ಳುತ್ತದೆ. ಒಂದೆರಡು ದಿನ ತಲೆನೋವು ಬರಬಹುದು. ತಲೆಯೊಳಗೆ ಒತ್ತಡ ಜಾಸ್ತಿ ಇರುವ ಲಕ್ಷಣ ಕಂಡರೆ ಸೂಜಿ ಹಾಕುವ ಮೊದಲು ಸ್ಕ್ಯಾನ್ ಮಾಡಿಸುತ್ತಾರೆ.

---

ಕೊಪ್ಪ ಕಡೆಯವನು

ನಮ್ಮ ಕಡೆ ಮೆದುಳು ಅಂದರೆ ಮೊದಲು ಬರುವ ಭಯ ಮಂಗನ ಕಾಯಿಲೆದು. ಹೋದ ಬೇಸಿಗೆಯಲ್ಲಿ ನಮ್ಮ ಕೇರಿಯಲ್ಲಿ ಒಬ್ಬರಿಗೆ ಜ್ವರ ಬಿಟ್ಟಿತ್ತು, ಎಲ್ಲರೂ ಸಮಾಧಾನ ಪಟ್ಟುಕೊಂಡರು. ಸ್ವಲ್ಪ ದಿನ ಬಿಟ್ಟು ಮತ್ತೆ ಜ್ವರ, ಕೈ ನಡುಕ, ಸಂಬಂಧವೇ ಇಲ್ಲದ ಮಾತು. ಹೀಗೂ ಆಗುತ್ತಾ?

---

ಮೂಡಿಗೆರೆ ಔಷಧಿ ಅಂಗಡಿ

ಆಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಇದು, ಉಣುಗು ಕಚ್ಚಿ ಬರುತ್ತದೆ. ನೂರಕ್ಕೆ 10ರಿಂದ 20 ಜನರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಎರಡನೇ ಸುತ್ತು ಬರುತ್ತದೆ. ಆಗ ಜೋರು ತಲೆನೋವು, ನಡುಕ, ಮನಸ್ಸಿನ ಗೊಂದಲ, ಕಣ್ಣು ಮಂಜು. ಜ್ವರ ಬಿಟ್ಟಿತು ಅಂತ ಕೆಲಸಕ್ಕೆ ಹೋದವರನ್ನೂ ಆ ದಿನಗಳಲ್ಲಿ ಮನೆಯವರು ಗಮನಿಸುತ್ತಿರಬೇಕು. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಸಮಯಕ್ಕೆ ಸರಿಯಾಗಿ ಆಸ್ಪತ್ರೆಗೆ ಸೇರಿಸಿದರೆ ಹೆಚ್ಚಿನವರು ಉಳಿಯುತ್ತಾರೆ. ಹಳೇ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ ನಿಲ್ಲಿಸಿದ್ದಾರೆ, ಹೊಸದರ ಕೆಲಸ ಐಸಿಎಂಆರ್ ನಡೆಸುತ್ತಿದೆ. ಡಿಸೆಂಬರ್‌ನಿಂದ ಮೇ ತನಕ ಕಾಡಿಗೆ, ತರಗು ತರೋಕೆ ಹೋಗುವವರು ಉಣುಗು ಹತ್ತದ ಹಾಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೀಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆನೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸಿ.

---

ಸಕಲೇಶಪುರ ಎಸ್ಟೇಟ್ ರೈಟರ್

ತೋಟಕ್ಕೆ ಹೊಡೆಯುವ ಔಷಧಿಗೂ ಪಾರ್ಕಿನ್ಸನ್‌ಗೂ ಸಂಬಂಧ ಇದೆ ಅಂತಾರೆ. ನಿಜವಾ? ನಮ್ಮಲ್ಲಿ ಕಳೆನಾಶಕ ಹೊಡೆಯುವ ಹುಡುಗರು ಕೈಗೆ ಗ್ಲೌಸ್ ಕೂಡ ಹಾಕಲ್ಲ. ಹೇಳಿ ಹೇಳಿ ಸಾಕಾಗಿದೆ.

---

ಚನ್ನರಾಯಪಟ್ಟಣ, ಈಗ ಬೆಂಗಳೂರು

ಸಂಬಂಧ ಇದೆ ಅನ್ನುವ ಪುರಾವೆ ಗಟ್ಟಿಯಾಗಿದೆ ಅಣ್ಣ. ಅಮೆರಿಕದ ರೈತರು, ಸಿಂಪಡಿಸುವವರ ಮೇಲೆ ನಡೆದ ಅಧ್ಯಯನ 2011ರಲ್ಲಿ ಬಂತು. ಪ್ಯಾರಾಕ್ವಾಟ್ ಅನ್ನುವ ಕಳೆನಾಶಕ ಬಳಸಿದವರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಜಾಸ್ತಿ ಕಂಡಿತ್ತು. ಹೊಡೆದವರಿಗೆಲ್ಲ ಬರುತ್ತದೆ ಅಂತ ಇದರ ಅರ್ಥ ಅಲ್ಲ. ಆದರೆ ಗ್ಲೌಸ್, ಮಾಸ್ಕ್, ಉದ್ದ ತೋಳಿನ ಅಂಗಿ ಇಲ್ಲದೆ ಯಾರನ್ನೂ ಕಳಿಸಬೇಡಿ. ಗ್ಲೌಸ್ ತೋಟದವರೇ ಕೊಡಬೇಕು, ಹುಡುಗರ ಮೇಲೆ ಹಾಕುವುದು ನ್ಯಾಯ ಅಲ್ಲ.

ಕಾಫಿ ಸೀಮೆಯವರಿಗೆ ಇನ್ನೊಂದು ವಿಷಯ. ಕೆಫೀನ್ ಈ ಗೋಡೆಯನ್ನು ಸಲೀಸಾಗಿ ದಾಟುತ್ತದೆ. 2000ದಲ್ಲಿ ಹೊನೊಲುಲು ಕಡೆಯ 8,004 ಗಂಡಸರ ಅಧ್ಯಯನ ಪ್ರಕಟವಾಯಿತು. ಕಾಫಿ ಕುಡಿಯುವವರಲ್ಲಿ ಪಾರ್ಕಿನ್ಸನ್ ಕಮ್ಮಿ ಇತ್ತು. ಕೆಫೀನ್ ಹೋಗಿ ಕೂರುವ ಜಾಗಗಳಲ್ಲಿ ಒಂದನ್ನೇ ಗುರಿ ಮಾಡಿಕೊಂಡ ಇಸ್ಟ್ರಾಡೆಫಿಲಿನ್ ಅನ್ನುವ ಪಾರ್ಕಿನ್ಸನ್ ಔಷಧಿಗೆ 2013ರಲ್ಲಿ ಜಪಾನ್, 2019ರಲ್ಲಿ ಅಮೆರಿಕ ಅನುಮತಿ ಕೊಟ್ಟವು. ಕಾಫಿಯೇ ಚಿಕಿತ್ಸೆ ಅಂತ ಯಾರೂ ತಿಳಿಯಬೇಡಿ. ಬಂದ ಕಾಯಿಲೆಯನ್ನು ಅದು ವಾಸಿ ಮಾಡಲ್ಲ.

ಈಗ ಅಲ್ಟ್ರಾಸೌಂಡ್ ವಿಷಯ. ನಿಮ್ಮ ತಮ್ಮ ನೋಡಿದ್ದು ಸುಳ್ಳಲ್ಲ. ರಕ್ತಕ್ಕೆ ಸೂಕ್ಷ್ಮ ಗುಳ್ಳೆಗಳನ್ನು ಬಿಟ್ಟು, ಹೊರಗಿನಿಂದ ಶಬ್ದದ ಅಲೆ ಒಂದು ಜಾಗಕ್ಕೆ ಹರಿಸುತ್ತಾರೆ. ಗುಳ್ಳೆಗಳು ಅದುರಿ ಅಲ್ಲಿನ ಸಂದು ಕೆಲವು ಗಂಟೆ ಸಡಿಲವಾಗುತ್ತದೆ, ಆಮೇಲೆ ಮತ್ತೆ ಮುಚ್ಚಿಕೊಳ್ಳುತ್ತದೆ. 2015ರಲ್ಲಿ ಟೊರೊಂಟೊದಲ್ಲಿ ಮೆದುಳಿನ ಗಡ್ಡೆಯ ರೋಗಿಗೆ ಹೀಗೆ ಔಷಧಿ ಕೊಟ್ಟರು. 2024ರ ಶುರುವಿನಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಿಂದ ಅಲ್ಝೈಮರ್ ರೋಗಿಗಳ ಫಲಿತಾಂಶ ಬಂತು. ಆ ಕಾಯಿಲೆಯಲ್ಲಿ ಮೆದುಳಿನಲ್ಲಿ ಕಟ್ಟಿಕೊಳ್ಳುವ ಪ್ರೋಟೀನ್ ಕೊಳೆ, ಅಲೆ ಹಾಯಿಸಿದ ಜಾಗದಲ್ಲಿ ಬೇರೆ ಕಡೆಗಿಂತ ಜಾಸ್ತಿ ಇಳಿದಿತ್ತು. ಆದರೆ ಅದರಲ್ಲಿ ಇದ್ದವರು 3 ಜನ. ಮೂರೇ ಜನ. ಇದನ್ನು ನಂಬಿ ಸಾಲ ಮಾಡಬೇಡಿ. ನಡುಕಕ್ಕೆ ಅಂತ ಆಸ್ಪತ್ರೆಗಳಲ್ಲಿ ಮಾಡುವ ಅಲ್ಟ್ರಾಸೌಂಡ್ ಚಿಕಿತ್ಸೆ ಬೇರೆ. ಅದು ಒಂದು ಚಿಕ್ಕ ಜಾಗವನ್ನು ಬಿಸಿ ಮಾಡಿ ಸುಡುವುದು, ಗೋಡೆಗೂ ಅದಕ್ಕೂ ಸಂಬಂಧ ಇಲ್ಲ.

ನನಗೆ ಜಾಸ್ತಿ ಭರವಸೆ ಇರುವುದು ಇನ್ನೊಂದು ದಾರಿಯಲ್ಲಿ. ಕಬ್ಬಿಣ ಒಳಗೆ ಹೋಗುವ ಬಾಗಿಲಿಗೆ ಹೊಂದುವ ಹಾಗೆ ಔಷಧಿಯನ್ನೇ ತಯಾರಿಸುವುದು. ಹಂಟರ್ ಸಿಂಡ್ರೋಮ್ ಅನ್ನುವ ಮಕ್ಕಳ ಕಾಯಿಲೆಗೆ ಇಂಥ ಔಷಧಿಗೆ ಜಪಾನ್ 2021ರಲ್ಲಿ ಅನುಮತಿ ಕೊಟ್ಟಿದೆ. ಗೋಡೆ ಒಡೆಯದೆ, ಗೋಡೆಯದೇ ದಾರಿಯಲ್ಲಿ ಹೋಗುವುದು.

ನಮ್ಮ ರಾಜ್ಯದಲ್ಲೂ ಕೆಲಸ ನಡೆಯುತ್ತಿದೆ. ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರ 45 ದಾಟಿದ ಹಳ್ಳಿಯವರನ್ನು ವರ್ಷಗಟ್ಟಲೆ ಹಿಂಬಾಲಿಸಿ ಪರೀಕ್ಷೆ ಮಾಡುತ್ತಿದೆ, 10,000 ಜನರ ಗುರಿ. ಪುಸ್ತಕದಲ್ಲಿರುವ ಮಾಹಿತಿ ಹೆಚ್ಚಿನದು ವಿದೇಶದ್ದು. ಮುದ್ದೆ ತಿಂದು ಹೊಲದಲ್ಲಿ ಗೇಯ್ದವರ ಮೆದುಳು ಹೇಗೆ ವಯಸ್ಸಾಗುತ್ತದೆ ಅನ್ನುವುದು ಇಂಥ ಕೆಲಸದಿಂದಲೇ ಗೊತ್ತಾಗಬೇಕು.

---

ಬೇಲೂರು ಮಗಳು

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ. ಡಾಕ್ಟರ್‌ಗೆ ಫೋನ್ ಮಾಡಿ ಕೇಳಿ ಮಾತ್ರೆ ಊಟಕ್ಕೆ ಮೊದಲು ಕೊಡೋಕೆ ಶುರು ಮಾಡಿದೆವು. ಮೊಟ್ಟೆ, ಕಾಳು ರಾತ್ರಿಗೆ ಹೋಯಿತು. ಮಧ್ಯಾಹ್ನದ ಮಾತ್ರೆ ಈಗ ಹಿಡಿಯುತ್ತಿದೆ, ಬೆಳಿಗ್ಗೆಯಷ್ಟು ಅಲ್ಲದಿದ್ದರೂ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಫಿಸಿಯೋದವರು ನೆಲದ ಮೇಲೆ ಅಡ್ಡ ಗೆರೆ ಎಳೆಯಿರಿ ಅಂದಿದ್ದರು. ಅಮ್ಮ ಸೀಮೆಸುಣ್ಣದಲ್ಲಿ ಒಂದೊಂದು ಹೆಜ್ಜೆಗೆ ಒಂದೊಂದು ಗೆರೆ ಎಳೆದಿದ್ದಾರೆ. ಗೆರೆ ದಾಟಬೇಕು ಅಂತ ನೋಡಿಕೊಂಡು ಕಾಲು ಎತ್ತುತ್ತಾರೆ, ನಿಲ್ಲುವುದು ಕಮ್ಮಿಯಾಗಿದೆ.

ಒಂದು ಪ್ರಶ್ನೆ ಉಳಿದಿದೆ. ಮುಂದಿನ ತಿಂಗಳು ಹಾಸನದಲ್ಲಿ ಅಪ್ಪನಿಗೆ ಹರ್ನಿಯಾ ಆಪರೇಷನ್. ಹಿಂದಿನ ರಾತ್ರಿಯಿಂದ ಏನೂ ತಗೊಳ್ಳಬಾರದು ಅಂತಾರಲ್ಲ, ಸಿಂಡೋಪಾ ಕೂಡ ಬಿಡಬೇಕಾ?

---

ಮೂಡಿಗೆರೆ ಔಷಧಿ ಅಂಗಡಿ

ಸಿಂಡೋಪಾ ಸುಮ್ಮನೆ ಬಿಡಬೇಡಿ. ಒಮ್ಮೆಲೇ ನಿಂತರೆ ಜೋರು ಜ್ವರ ಬಂದು ಮೈ ಪೂರ್ತಿ ಸೆಟೆದುಕೊಳ್ಳುವ ಅಪಾಯ ಇದೆ. ಆಪರೇಷನ್‌ಗೆ ಮೊದಲೇ ಅನಸ್ತೇಸಿಯಾ ಡಾಕ್ಟರ್ ಹತ್ತಿರ ಪಾರ್ಕಿನ್ಸನ್ ಇದೆ ಅಂತ ಹೇಳಿ, ಮಾತ್ರೆಯ ಹೊತ್ತು ಬರೆದುಕೊಡಿ. ಸಾಮಾನ್ಯವಾಗಿ ಆ ದಿನ ಬೆಳಿಗ್ಗೆ ಒಂದು ಗುಟುಕು ನೀರಲ್ಲಿ ಕೊಡೋಕೆ ಹೇಳುತ್ತಾರೆ, ಆಪರೇಷನ್ ಆದ ಮೇಲೂ ಆದಷ್ಟು ಬೇಗ ಶುರು ಮಾಡಿಸುತ್ತಾರೆ. ಕೇಸ್ ಶೀಟಿನ ಮೇಲೆ ದಪ್ಪ ಅಕ್ಷರದಲ್ಲಿ ಎರಡು ಹೆಸರು ಬರೆಸಿ: ವಾಂತಿಗೆ ಮೆಟೊಕ್ಲೋಪ್ರಮೈಡ್ ಬೇಡ, ರಾತ್ರಿ ಗಲಿಬಿಲಿಯಾದರೆ ಹ್ಯಾಲೊಪೆರಿಡಾಲ್ ಬೇಡ. ಎರಡೂ ಮೆದುಳಿನ ಒಳಗೆ ಹೋಗುವಂಥವು. ಡ್ಯೂಟಿ ಬದಲಾದಾಗ ಹೊಸದಾಗಿ ಬಂದ ನರ್ಸ್‌ಗೂ ಇನ್ನೊಂದು ಸಲ ಹೇಳಿ. ಸಿಂಡೋಪಾ ಹಾಳೆ ಮನೆಯಿಂದಲೇ ತಗೊಂಡು ಹೋಗಿ, ರಾತ್ರಿ ಹೊತ್ತು ಅಲ್ಲಿ ಸಿಗದೆ ಹೋಗಬಹುದು.